ಒಂದು ಆಯುಷ್ಯದ ಅವಧಿಯಲ್ಲಿ ಆಕಾಶಯಾನ

ಖಾನಾಪುರ ತಾಲೂಕಿನ ಹಲಸಿಯು ಒಂದು ಕಾಲಕ್ಕೆ ಕದಂಬರ ರಾಜಧಾನಿಗಳಲ್ಲೊಂದಾಗಿದ್ದಿತೆಂಬುದು ಇತಿಹಾಸಜ್ಞರಿಗೆ ಗೊತ್ತಿದ್ದ ಸಂಗತಿಯೇ. ಐದನೆಯ ಶತಮಾನದಲ್ಲಿ ಹಲಸಿಯಿಂದ ಬನವಾಸಿಗೆ ಓಲೆಯನ್ನೊಯ್ದಿರಬಹುದಾದ ಒಬ್ಬ ಸವಾರನನ್ನೂ, 1830ರಲ್ಲಿ ಸಂಗೊಳ್ಳಿ ರಾಯಣ್ಣನ ಬಂಟರಿಗೆ ಸುದ್ದಿಯನ್ನು ಹೊತ್ತು ಅದೇ ತಾಲೂಕಿನ ಕಾಡುಗಳಲ್ಲಿ ಓಡಿರಬಹುದಾದ ಇನ್ನೊಬ್ಬ ಸವಾರನನ್ನೂ ಮನಸ್ಸಿನಲ್ಲಿ ಅಕ್ಕಪಕ್ಕ ನಿಲ್ಲಿಸಿ ನೋಡೋಣ. ಅವರಿಬ್ಬರ ನಡುವೆ ಸುಮಾರು ಹದಿನಾಲ್ಕು ಶತಮಾನಗಳ ಅಂತರವುಂಟು. ಆದರೆ ಅವರ ವೇಗದಲ್ಲಿ ಹೇಳಿಕೊಳ್ಳುವಂತಹ ಅಂತರವೇನೂ ಇಲ್ಲ. ರಾಜ್ಯಗಳು ಎದ್ದುವು, ಬಿದ್ದುವು. ಮತಗಳು ಹುಟ್ಟಿದುವು, ಭಾಷೆಯು ಹಳಗನ್ನಡದಿಂದ ಹೊಸಗನ್ನಡಕ್ಕೆ ತಿರುಗಿತು. ಆದರೆ ಒಂದು ಹಗಲಿನಲ್ಲಿ ಮನುಷ್ಯನು ಎಷ್ಟು ದೂರ ಹೋಗಬಲ್ಲನೆಂಬುದನ್ನು ಗೊತ್ತುಮಾಡುವವು ಕುದುರೆಯ ಕಾಲೂ ಎತ್ತಿನ ಹೆಗಲೂ ಆಗಿಯೇ ಉಳಿದುವು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ದಿನದಿಂದ ನೂರಮೂವತ್ತೆಂಟು ವರ್ಷಗಳು ಕಳೆಯುವಷ್ಟರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟನು.

ಅದರಲ್ಲಿಯೂ ಮೊದಲಿನ ಎಪ್ಪತ್ತು ವರ್ಷಗಳನ್ನು ಲೆಕ್ಕದಿಂದ ತೆಗೆದುಬಿಡಬಹುದು. ಆ ಕಾಲದ ಸಾಧನೆಯೆಂದರೆ ಹೊಗೆಬಂಡಿಯು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೇಲ್ವೆಯ ಹಳಿಗಳು ಬೆಳಗಾವಿಯಿಂದ ಖಾನಾಪುರವನ್ನು ಹಾದು ಲೋಂಡೆಯ ಕಡೆಗೆ ಸಾಗಿದುವು. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಹೇರು ತುಂಬಿದ ಎತ್ತಿನ ಬಂಡಿಗೆ ಇದು ಎಂಟು ತಾಸಿನ ದಾರಿ. ಇಂದು ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವು ಅಷ್ಟೇ ದೂರವನ್ನು ಮೂರೂವರೆ ಸೆಕೆಂಡುಗಳಲ್ಲಿ ದಾಟುವುದು. ಬಂಡಿಯು ಬೆಳಗಾವಿಯ ಪೇಟೆಯನ್ನು ಮುಟ್ಟುವಷ್ಟರಲ್ಲಿ ಆ ನಿಲ್ದಾಣವು ಭೂಗೋಲವನ್ನು ಐದು ಸಲ ಸುತ್ತಿ ಬಂದಿರುವುದು. ಇಂತಹ ಬದಲಾವಣೆಯು ಯುಗಯುಗಾಂತರಗಳಲ್ಲಿ ಆದುದಲ್ಲ, ಒಬ್ಬ ಮನುಷ್ಯನ ಬಾಳಿನೊಳಗೆ ಆದುದು. ಹಾಗೆಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಅಲಂಕಾರವಾದೀತು. ಆದುದರಿಂದ ನಮ್ಮ ನೆರೆಯ ಸೀಮೆಯಲ್ಲಿಯೇ ಹುಟ್ಟಿದ ಒಬ್ಬರ ಬಾಳನ್ನು ಅಳತೆಗೋಲಾಗಿ ಹಿಡಿದು ಈ ಇತಿಹಾಸವನ್ನು ನೋಡಬೇಕೆಂದು ಈ ಲೇಖನದ ಉದ್ದೇಶ.

ಸಂಕೇಶ್ವರದಿಂದ ಗಡಹಿಂಗ್ಲಜದ ಕಡೆಗೆ ಹೋದರೆ ಗಡಿಯ ಆಚೆಗೆ ಹಸೂರಚಂಪು ಎಂಬ ಊರಿದೆ. ಆಗ ಅದು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. 1908ರ ಅಕ್ಟೋಬರ್ 24ರಂದು ಅಲ್ಲಿ ವಿಷ್ಣು ಮಾಧವ ಘಾಟಗೆಯವರು ಜನಿಸಿದರು. ಭಾರತದಲ್ಲಿ ವಿಮಾನದ ರಚನೆಯನ್ನು ಶಾಸ್ತ್ರವಾಗಿ ಕಲಿಸಿದವರಲ್ಲಿಯೂ, ಕಲಿತುದನ್ನು ಲೋಹದಲ್ಲಿ ರೂಪಿಸಿ ಹಾರಿಸಿ ತೋರಿಸಿದವರಲ್ಲಿಯೂ ಇವರ ಹೆಸರು ಮೊದಲ ಸಾಲಿನದು. ಅವರು ಹುಟ್ಟುವುದಕ್ಕೆ ಎರಡೂವರೆ ತಿಂಗಳ ಮುಂಚೆ, ಆಗಸ್ಟ್ 8ರಂದು, ಫ್ರಾನ್ಸಿನ ಲ ಮಾನ್ ಪಟ್ಟಣದ ಬಳಿ ವಿಲ್ಬರ್ ರೈಟನು ಬಹಿರಂಗವಾಗಿ ವಿಮಾನವನ್ನು ಹಾರಿಸಿ ತೋರಿಸಿದ್ದನು. ಅಮೇರಿಕೆಯ ಕಿಟಿಹಾಕ್ ಮರಳುದಿಣ್ಣೆಗಳಲ್ಲಿ ರೈಟ್ ಸಹೋದರರು 1903ರ ಡಿಸೆಂಬರ್ 17ರಂದೇ ಹಾರಿದ್ದರೂ ಯೂರೋಪಿನ ಬಹುಜನರು ಅದನ್ನು ನಂಬಿರಲಿಲ್ಲ. ಅಂದಿನ ಮೊದಲ ಹಾರಾಟವು ಹನ್ನೆರಡು ಸೆಕೆಂಡು, ನೂರಇಪ್ಪತ್ತು ಅಡಿ. ನಮ್ಮ ದೊಡ್ಡ ಮಠಗಳ ಪ್ರಾಂಗಣದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಷ್ಟು ದೂರವದು.

ಈ ಸಹೋದರರು ಯಾವ ವಿಶ್ವವಿದ್ಯಾಲಯದ ಪದವೀಧರರೂ ಆಗಿರಲಿಲ್ಲ. ಡೇಟನ್ ಪಟ್ಟಣದಲ್ಲಿ ಸೈಕಲ್ಲುಗಳನ್ನು ಮಾಡುತ್ತ, ದುರಸ್ತಿಗೊಳಿಸುತ್ತ ಜೀವಿಸಿದವರು. ಆದರೆ 1901ರಲ್ಲಿ ಅವರು ತಮ್ಮ ಅಂಗಡಿಯಲ್ಲಿಯೇ ಒಂದು ಮರದ ಪೆಟ್ಟಿಗೆಯೊಳಗೆ ಗಾಳಿಯನ್ನು ಹಾಯಿಸಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಅದರಲ್ಲಿಟ್ಟು ಅಳೆದರು. ಹಿಂದಿನವರು ಬರೆದಿಟ್ಟ ಅಂಕಿಗಳು ತಾಳೆಯಾಗಲಿಲ್ಲವೆಂದು ಕಂಡಾಗ ಆ ಅಂಕಿಗಳನ್ನು ಬದಿಗಿಟ್ಟು ತಾವೇ ಹೊಸದಾಗಿ ಅಳೆದರು. ವಿಮಾನವು ಹುಟ್ಟಿದ್ದು 1903ರಲ್ಲಿಯೋ, ಈ ಪೆಟ್ಟಿಗೆಯಲ್ಲಿಯೋ ಎಂದು ಕೇಳಿದರೆ ನಾನು ಪೆಟ್ಟಿಗೆಯಲ್ಲಿ ಎಂದೇ ಹೇಳುವೆನು.

ಘಾಟಗೆಯವರು ಎರಡೂವರೆ ವರ್ಷದ ಕೂಸಾಗಿರುವಾಗಲೇ ವಿಮಾನವು ಭಾರತವನ್ನು ಮುಟ್ಟಿದ್ದಿತು. 1911ರ ಫೆಬ್ರವರಿಯಲ್ಲಿ ಝೂಲ್ ಟೈಕನೆಂಬ ಬೆಲ್ಜಿಯಂ ದೇಶದ ವೈಮಾನಿಕನು ಬೆಂಗಳೂರಿನಲ್ಲಿ ಹಾರಿ ತೋರಿಸಿದನು. ಅದೇ ತಿಂಗಳು 18ರಂದು ಆನ್ರಿ ಪೆಕೆಯೆಂಬ ಫ್ರೆಂಚನು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಸುಮಾರು 6,500 ಕಾಗದಗಳನ್ನು ವಿಮಾನದಲ್ಲಿ ಒಯ್ದನು. ಇವೆಲ್ಲ ಜಾತ್ರೆಯ ತಮಾಷೆಗಳಂತೆ ಬಂದು ಹೋದುವು. ನಮ್ಮ ಪ್ರಾಂತಕ್ಕೆ ಅದರಿಂದ ಆದುದೇನೂ ಇಲ್ಲ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನೆರೆದಾಗ ದೇಶದ ನಾಲ್ಕೂ ದಿಕ್ಕುಗಳಿಂದ ಜನರು ಬಂದುದು ರೇಲ್ವೆಯಿಂದ. ಸುತ್ತಲಿನ ಹಳ್ಳಿಗಳವರು ಬಂದುದು ಬಂಡಿಗಳಲ್ಲಿ ಮತ್ತು ಕಾಲ್ನಡಿಗೆಯಲ್ಲಿ.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಟಪಾಲು ವಿಮಾನವನ್ನು ನಡೆಸಿದರು. ಮುಂಬಯಿಯಿಂದ ಆ ಚೀಲಗಳನ್ನು ನೆವಿಲ್ ವಿಂಟ್ಸೆಂಟನು ಬಳ್ಳಾರಿಗೂ ಅಲ್ಲಿಂದ ಮದರಾಸಿಗೂ ಒಯ್ದನು. ಭಾರತೀಯ ವಿಮಾನ ಟಪಾಲಿನ ಆರಂಭದಲ್ಲಿಯೇ ಒಂದು ಕನ್ನಡ ಊರಿನ ಹೆಸರು ಹೀಗೆ ಕೂಡಿಕೊಂಡಿತು. ಇಲ್ಲಿ ಒಂದು ಚಿಕ್ಕ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಹಮದಾಬಾದಿನಲ್ಲಿ ಟಾಟಾ ಅವರ ವಿಮಾನಕ್ಕೆ ಬೇಕಾದ ಪೆಟ್ರೋಲಿನ ಡಬ್ಬಗಳು ಬಂದುದು ಎತ್ತಿನ ಬಂಡಿಯ ಮೇಲೆ. ಇದೇ ಬಂಡಿಯು ಮುಂದೆ ಇನ್ನೊಮ್ಮೆ ಬರಲಿದೆ.

ಆ ಹೊತ್ತಿಗೆ ಘಾಟಗೆಯವರು ಇಪ್ಪತ್ತನಾಲ್ಕು ವಯಸ್ಸಿನ ತರುಣರು. ಅದೇ ದಶಕದಲ್ಲಿ ಅವರು ಜರ್ಮನಿಯ ಗಟಿಂಗೆನ್ ನಗರಕ್ಕೆ ಹೋಗಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ವ್ಯಾಸಂಗ ಮಾಡಿದರು. ಪ್ರಾಂಟ್ಲರು 1904ರಲ್ಲಿ ಹೇಳಿದ ಒಂದು ಮಾತಿನ ಮೇಲೆ ಇಂದಿನ ವಿಮಾನಶಾಸ್ತ್ರವು ನಿಂತಿದೆಯೆಂದರೆ ಅತಿಶಯೋಕ್ತಿಯಾಗದು. ಅದನ್ನು ಅರಿಯಲು ಗಟಿಂಗೆನ್ನಿಗೆ ಹೋಗಬೇಕಾಗಿಲ್ಲ. ಖಾನಾಪುರದಲ್ಲಿ ಮಲಪ್ರಭೆಯ ದಂಡೆಯ ಮೇಲೆ ನಿಂತರೆ ಸಾಕು. ಕಣಕುಂಬಿಯಲ್ಲಿ ಹುಟ್ಟಿ ಬರುವ ಆ ಹೊಳೆಯ ನೀರು ನಡುವೆ ವೇಗವಾಗಿ ಹರಿಯುವುದು, ದಂಡೆಗೆ ಬಂದಂತೆ ನಿಧಾನವಾಗುವುದು, ಕಲ್ಲಿಗೆ ಅಂಟಿದ ನೀರು ಹೆಚ್ಚು ಕಡಿಮೆ ನಿಂತೇ ಇರುವುದು. ವಿಮಾನದ ರೆಕ್ಕೆಯ ಮೇಲೆ ಹಾಯುವ ಗಾಳಿಯದೂ ಇದೇ ನಡತೆ. ರೆಕ್ಕೆಯ ಮೈಗೆ ತಗಲಿದ ಒಂದು ತೆಳುವಾದ ಪದರದಲ್ಲಿ ಮಾತ್ರ ಗಾಳಿಯು ತಡೆಯಲ್ಪಡುವುದು. ಆ ಪದರವು ರೆಕ್ಕೆಯನ್ನು ಬಿಡದೆ ಹರಿಯುವವರೆಗೆ ವಿಮಾನವು ಎತ್ತಲ್ಪಡುವುದು, ಅದು ಕಳಚಿ ಸುಳಿಯಾದೊಡನೆ ವಿಮಾನವು ಬೀಳತೊಡಗುವುದು. ರೈಟ್ ಸಹೋದರರು ಅಳೆದು ಕಂಡುಕೊಂಡುದಕ್ಕೆ ಪ್ರಾಂಟ್ಲರು ಕಾರಣವನ್ನು ಹೇಳಿದರು. ಆ ಕಾರಣವನ್ನು ಹಸೂರಚಂಪುವಿನ ತರುಣರೊಬ್ಬರು ಕಲಿತು ಸ್ವದೇಶಕ್ಕೆ ತಂದರು.

ಅವರು ಮರಳಿ ಬಂದ ಬಳಿಕ ಮಹಾಯುದ್ಧವು ಹೊತ್ತಿಕೊಂಡಿತು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಪತಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ದೂರದೃಷ್ಟಿಯಿಲ್ಲದಿದ್ದರೆ ಆ ಕಾರಖಾನೆಯು ಬೆಂಗಳೂರಿಗೆ ಬರುತ್ತಿರಲಿಲ್ಲ. ಎಂಟು ತಿಂಗಳುಗಳಲ್ಲಿ, 1941ರ ಆಗಸ್ಟಿನಲ್ಲಿ, ಅಮೇರಿಕೆಯ ನಮೂನೆಯ ಹಾರ್ಲೋ ಎಂಬ ವಿಮಾನವನ್ನು ಅಲ್ಲಿ ಜೋಡಿಸಿ ಹಾರಿಸಿದರು. ಘಾಟಗೆಯವರೂ ಈ ಕಾರಖಾನೆಯನ್ನು ಸೇರಿದರು. 1942ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಲ್ಪಟ್ಟಿತು. ಅದರ ಮೊದಲ ಮುಖ್ಯಸ್ಥರು ಅವರೇ.

1942! ಈ ಇಸವಿಯ ಬಳಿ ಸ್ವಲ್ಪ ನಿಲ್ಲಬೇಕು. ಬರ್ಮಾ ದೇಶವು ಜಪಾನೀಯರ ಕೈಸೇರಿದ್ದಿತು. ಬೆಳಗಾವಿಯ ಮೂಡಲಿಗೆ ಸುಮಾರು ಹತ್ತು ಕಿಲೋಮೀಟರು ದೂರದ ಸಾಂಬ್ರಾ ಗ್ರಾಮದ ಬಯಲಿನಲ್ಲಿ ಬ್ರಿಟಿಷ್ ವಾಯುಸೇನೆಯು ಅದೇ ವರ್ಷ ವಿಮಾನ ನಿಲ್ದಾಣವನ್ನು ನಿರ್ಮಿಸಿತು. ಅದೇ ವರ್ಷದ ಆಗಸ್ಟಿನಲ್ಲಿ 'ಚಲೇ ಜಾವ್' ಎಂಬ ಕೂಗು ಎದ್ದಿತು. ಈ ಜಿಲ್ಲೆಯ ತರುಣರು ತಂತಿಗಳನ್ನು ಕತ್ತರಿಸಿದರು, ಸೆರೆಮನೆಗಳನ್ನು ತುಂಬಿದರು. ಅದೇ ವರ್ಷದ ಅಕ್ಟೋಬರ್ 3ರಂದು ಜರ್ಮನಿಯ ಪೇನೆಮ್ಯುಂಡೆಯಲ್ಲಿ ವಿ-2 ಎಂಬ ರಾಕೆಟ್ಟು ಎಂಬತ್ತು ಕಿಲೋಮೀಟರಿಗೂ ಮೇಲಕ್ಕೆ ಏರಿತು. ನಮ್ಮ ನೆಲಕ್ಕೆ ವಿಮಾನದ ಓಡುದಾರಿಯು ಬಂದುದು ನಮ್ಮ ಪ್ರಯಾಣಕ್ಕಾಗಿ ಅಲ್ಲ, ನಾವು ತೊಲಗಿರೆಂದು ಹೇಳುತ್ತಿದ್ದವರ ಯುದ್ಧಕ್ಕಾಗಿ. ಅಂತೆಯೇ ಅಂತರಿಕ್ಷದ ದಾರಿಯು ತೆರೆದುದು ನಗರಗಳನ್ನು ಸುಡುವ ಅಸ್ತ್ರದಿಂದ. ಆ ಅಸ್ತ್ರಗಳನ್ನು ಮಾಡಲು ಸಾವಿರಾರು ಸೆರೆಯಾಳುಗಳನ್ನು ನೆಲಮಾಳಿಗೆಗಳಲ್ಲಿ ದುಡಿಸಿ ಕೊಂದರು. ಆಕಾಶಯಾನದ ಚರಿತ್ರೆಯನ್ನು ಬರೆಯುವವರು ಈ ಭಾಗವನ್ನು ನುಂಗಿಕೊಂಡು ಮುಂದೆ ಹೋಗುವುದುಂಟು. ಅದು ಸರಿಯಲ್ಲ. ಒಂದು ಆಯುಷ್ಯದೊಳಗೆ ಇಷ್ಟು ವೇಗವು ಏಕೆ ಬಂದಿತೆಂದು ಕೇಳುವ ಮಕ್ಕಳಿಗೆ, ಅರ್ಧ ಕಾರಣವು ಜ್ಞಾನದ ಹಸಿವೆಂದೂ ಇನ್ನರ್ಧವು ಯುದ್ಧದ ಭಯವೆಂದೂ ಹೇಳದೆ ಗತ್ಯಂತರವಿಲ್ಲ.

ಸ್ವಾತಂತ್ರ್ಯವು ಬಂದ ಬಳಿಕ ಸಾಂಬ್ರಾ ನೆಲವು ಭಾರತೀಯ ವಾಯುಸೇನೆಯ ವಶವಾಯಿತು. ಇತ್ತ ಬೆಂಗಳೂರಿನಲ್ಲಿ ಘಾಟಗೆಯವರೂ ಅವರ ಸಂಗಡಿಗರೂ ಹೊಸ ವೈಮಾನಿಕರನ್ನು ಕಲಿಸುವುದಕ್ಕಾಗಿ ಎಚ್‌ಟಿ-2 ಎಂಬ ವಿಮಾನವನ್ನು ರಚಿಸಿದರು. ಅದು 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಹಾರ್ಲೋ ವಿಮಾನವು ಪರರ ನಮೂನೆಯಾಗಿದ್ದಿತು. ಇದು ನಮ್ಮವರ ಲೆಕ್ಕ, ನಮ್ಮವರ ನಕ್ಷೆ. ಮುಂದೆ ಇದು ಆಫ್ರಿಕೆಯ ಘಾನಾ ದೇಶಕ್ಕೂ ಹೋಯಿತು. 1963ರಲ್ಲಿ ವಾಯುಸೇನೆಯ ಪ್ರಾಥಮಿಕ ಹಾರಾಟದ ಶಾಲೆಯು ಬೀದರಕ್ಕೆ ಬಂದ ಮೇಲೆ, ಶರಣರು ನಡೆದಾಡಿದ ಕಲ್ಯಾಣದ ಸೀಮೆಯ ಆಕಾಶದಲ್ಲಿ ಈ ಪುಟ್ಟ ವಿಮಾನಗಳು ಬಹುಕಾಲ ಹಾರಾಡಿದುವು. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ 'ಕಿರಣ' ಎಂಬ ಜೆಟ್ ವಿಮಾನವು 1964ರಲ್ಲಿ ಹಾರಿತು.

ಆ ನಡುವೆ 1961ನೆಯ ಇಸವಿಯು ಬಂದಿತು. ಏಪ್ರಿಲ್ 12ರಂದು ರಶಿಯಾದ ಯೂರಿ ಗಗಾರಿನನು 108 ನಿಮಿಷಗಳಲ್ಲಿ ಭೂಮಿಯನ್ನು ಒಂದು ಸುತ್ತು ಸುತ್ತಿ ಇಳಿದನು. ಜೂನ್ 17ರಂದು, ಜರ್ಮನ್ ತಜ್ಞ ಕುರ್ಟ್ ಟಾಂಕನ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲಿ ರಚಿತವಾದ 'ಮಾರುತ' ಎಂಬ ಯುದ್ಧವಿಮಾನವು ಹಾರಿತು. ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾಯಿತು. ಆಗ ಬೆಳಗಾವಿಯು ಸೇನೆಯ ನೆಲೆವೀಡಾಗಿದ್ದಿತು. ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದುವು. ಖಾನಾಪುರದಿಂದ ಗೋವೆಯ ಗಡಿಯ ಘಟ್ಟಗಳನ್ನು ದಾಟಲು ಬಂಡಿಗೆ ದಿನಗಳು ಬೇಕಾಗುತ್ತಿದ್ದುವು; ಆ ವಿಮಾನಗಳಿಗೆ ನಿಮಿಷಗಳು ಸಾಕಾದುವು. ಪರರಾಜ್ಯವನ್ನು ಕಾಯಲು ಪರರು ಹಾಸಿದ ಓಡುದಾರಿಯು ಹತ್ತೊಂಬತ್ತು ವರ್ಷಗಳಲ್ಲಿ ಇನ್ನೊಂದು ಪರರಾಜ್ಯವನ್ನು ಕೊನೆಗಾಣಿಸಲು ಉಪಯೋಗವಾಯಿತು.

'ಮಾರುತ'ದ ಹೆಸರು ಬಂದಿರುವುದರಿಂದ ಒಂದು ಕೊರತೆಯನ್ನೂ ಹೇಳಿಬಿಡಬೇಕು. ಆ ವಿಮಾನದ ಮೈಕಟ್ಟು ಉತ್ತಮವಾಗಿದ್ದಿತು. ಅದಕ್ಕೆ ತಕ್ಕ ಎಂಜಿನ್ನು ದೊರೆಯಲಿಲ್ಲ. ದೊರೆತ ಎಂಜಿನ್ನಿನ ಬಲವು ಸಾಲದೆ ಅದು ತಾನು ಮುಟ್ಟಬೇಕಾಗಿದ್ದ ವೇಗವನ್ನು ಮುಟ್ಟಲಿಲ್ಲ. ನಲವತ್ತು ವರ್ಷಗಳ ತರುವಾಯ, 2001ರ ಜನವರಿ 4ರಂದು, ಬೆಂಗಳೂರಿನಲ್ಲಿ 'ತೇಜಸ್' ಹಾರಿದಾಗಲೂ ಅದರೊಳಗಿದ್ದುದು ಅಮೇರಿಕೆಯ ಎಂಜಿನ್ನು. ರಾಕೆಟ್ಟಿನ ವಿಷಯದಲ್ಲಿ ಹೀಗಾಗಲಿಲ್ಲ. 1993ರಲ್ಲಿ ಅಮೇರಿಕೆಯ ಒತ್ತಾಯಕ್ಕೆ ಮಣಿದು ರಶಿಯಾವು ಅತಿಶೀತಲ ಎಂಜಿನ್ನಿನ ವಿದ್ಯೆಯನ್ನು ನಮಗೆ ಕೊಡಲೊಲ್ಲೆನೆಂದಿತು. ನಮ್ಮವರು ಇಪ್ಪತ್ತು ವರ್ಷ ಸೋಲುತ್ತ ಕಲಿಯುತ್ತ ಅದನ್ನು ತಾವೇ ರಚಿಸಿ 2014ರ ಜನವರಿ 5ರಂದು ಯಶಸ್ವಿಯಾಗಿ ಹಾರಿಸಿದರು. ಕೊಡಲೊಲ್ಲೆನೆಂದವರಿಂದ ನಮಗೆ ಲಾಭವಾಯಿತು. ಬೆಲೆಗೆ ಕೊಟ್ಟವರಿಂದ ಅಷ್ಟಾಗಲಿಲ್ಲ.

ಇನ್ನು ಪುಷ್ಪಕ ವಿಮಾನದ ಮಾತು. ಇಂತಹ ಲೇಖನವನ್ನು ಓದುವವರಲ್ಲಿ ಕೆಲವರಾದರೂ "ಇದೆಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿದ್ದಿತು" ಎಂದು ಹೇಳುವವರಿರುವುದರಿಂದ ಇದನ್ನು ಬಿಟ್ಟುಹೋಗುವಂತಿಲ್ಲ. ಇವರು ಸಾಮಾನ್ಯವಾಗಿ ತೋರಿಸುವ ಗ್ರಂಥವು 'ವೈಮಾನಿಕ ಶಾಸ್ತ್ರ'ವು. ಭರದ್ವಾಜ ಮಹರ್ಷಿಯ ಹೆಸರಿನಲ್ಲಿರುವ ಇದನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಯಿಂದ ಹೇಳಿ ಬರೆಯಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು 1974ರಲ್ಲಿ ಅದನ್ನು ಭಾಷೆಯ ದೃಷ್ಟಿಯಿಂದಲೂ ಶಾಸ್ತ್ರದ ದೃಷ್ಟಿಯಿಂದಲೂ ಪರಿಶೀಲಿಸಿದರು. ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ಅವರು ನಿರ್ಣಯಿಸಿದರು. ಕವಿಯು ಪುಷ್ಪಕವನ್ನು ಕಲ್ಪಿಸಿದನು. ಆ ಕಲ್ಪನೆಯೇ ಅವನ ಹಿರಿಮೆ. ಅದನ್ನು ಕಾರಖಾನೆಯ ನಕ್ಷೆಯೆಂದು ಸಾಧಿಸಹೊರಟರೆ ಕವಿಗೂ ಅಪಮಾನ, ಕಾರಖಾನೆಯಲ್ಲಿ ಬೆವರು ಸುರಿಸಿದವನಿಗೂ ಅಪಮಾನ. ಶರಣರು ಹೇಳಿದ ಬಯಲನ್ನು ರಾಕೆಟ್ಟು ಏರುವ ಬಯಲೆಂದು ಅರ್ಥಮಾಡುವವರಿಗೂ ಇದೇ ಮಾತು ಸಲ್ಲುವುದು. ಸುಳ್ಳು ಅಭಿಮಾನವನ್ನು ಮಕ್ಕಳಿಗೆ ಕೊಟ್ಟರೆ, ಎಲ್ಲವೂ ಮೊದಲೇ ಆಗಿಹೋಗಿದೆಯೆಂದು ಬಗೆದು ಅವರು ಕೈಕಟ್ಟಿ ಕೂಡುವರು.

ನಿಜವಾದ ಅಭಿಮಾನಕ್ಕೆ ಬೇಕಾದಷ್ಟು ಆಧಾರವು ಕನ್ನಡ ನೆಲದಲ್ಲಿಯೇ ಇದೆ. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಮೈಸೂರಿನ ಕಮ್ಮಾರರು ಅಗ್ನಿಬಾಣದ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದರು. ಕಾಗದ, ಬಿದಿರುಗಳ ಕೊಳವೆಯು ತಡೆಯಲಾರದ ಒತ್ತಡವನ್ನು ಕಬ್ಬಿಣವು ತಡೆಯಿತು. ಬಾಣವು ಬಹುದೂರ ಹಾರಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲೀಷರು ಇವನ್ನು ತಮ್ಮ ದೇಶಕ್ಕೆ ಒಯ್ದರು; ಕಾಂಗ್ರೀವನು ಅವನ್ನು ತಿದ್ದಿ ಬೆಳೆಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟುವು. 2018ರಲ್ಲಿ ಹೊಸನಗರ ತಾಲೂಕಿನ ಬಿದನೂರಿನಲ್ಲಿ ಹಾಳುಬಾವಿಯೊಂದರಿಂದ ತುಕ್ಕುಹಿಡಿದ ಇಂತಹ ಸುಮಾರು ಸಾವಿರ ಕೊಳವೆಗಳನ್ನು ತೆಗೆದರು. ಅವುಗಳನ್ನು ತೂಗಬಹುದು, ಅಳೆಯಬಹುದು.

1957ರ ಅಕ್ಟೋಬರ್ 4ರಂದು ರಶಿಯಾವು 83.6 ಕಿಲೋಗ್ರಾಮಿನ ಸ್ಪುಟ್ನಿಕ್ ಎಂಬ ಮೊದಲ ಉಪಗ್ರಹವನ್ನು ಹಾರಿಸಿತು. 1969ರ ಜುಲೈ 20ರಂದು ಅಮೇರಿಕೆಯ ಇಬ್ಬರು ಚಂದ್ರನ ಮೇಲೆ ಇಳಿದರು. ಅವರನ್ನು ಒಯ್ದ ನೌಕೆಯಲ್ಲಿ ರೈಟ್ ಸಹೋದರರ 1903ರ ವಿಮಾನದ ರೆಕ್ಕೆಯ ಬಟ್ಟೆಯ ಒಂದು ಚೂರೂ ಮರದ ಒಂದು ತುಂಡೂ ಇದ್ದುವು. ಮೊದಲ ಹಾರಾಟದಿಂದ ಅಂದಿಗೆ ಅರವತ್ತೈದು ವರ್ಷ ಏಳು ತಿಂಗಳು. ಘಾಟಗೆಯವರಿಗೆ ಅಂದು ಅರವತ್ತರ ವಯಸ್ಸು. ಭಾರತವಾದರೋ ತಿರುವನಂತಪುರದ ಬಳಿಯ ತುಂಬಾದಲ್ಲಿ, ಬೆಸ್ತರ ಹಳ್ಳಿಯ ಇಗರ್ಜಿಯೊಂದನ್ನು ಕಾರ್ಯಾಲಯವನ್ನಾಗಿ ಮಾಡಿಕೊಂಡು, 1963ರ ನವೆಂಬರ್ 21ರಂದು ತನ್ನ ನೆಲದಿಂದ ಮೊದಲನೆಯ ರಾಕೆಟ್ಟನ್ನು ಹಾರಿಸಿದ್ದಿತು.

ಇಲ್ಲಿಂದ ಮುಂದಿನ ಕಥೆಯನ್ನು ಇನ್ನೊಬ್ಬ ಕನ್ನಡಿಗರ ಆಯುಷ್ಯದಿಂದ ಅಳೆಯಬಹುದು. ಉಡುಪಿಯ ಬಳಿಯ ಅದಮಾರಿನಲ್ಲಿ, ಬಳ್ಳಾರಿಗೆ ವಿಮಾನ ಟಪಾಲು ಬಂದ 1932ರಲ್ಲಿಯೇ, ಉಡುಪಿ ರಾಮಚಂದ್ರ ರಾಯರು ಹುಟ್ಟಿದರು. ಬೆಂಗಳೂರಿನ ಪೀಣ್ಯದ ಉದ್ಯಮ ವಸಾಹತಿನಲ್ಲಿ ಕೆಲವು ತಗಡಿನ ಶೆಡ್ಡುಗಳನ್ನು ಹಿಡಿದು, ಉಪಗ್ರಹವೆಂಬುದನ್ನು ಹಿಂದೆಂದೂ ಕಟ್ಟಿರದ ತರುಣರನ್ನು ಕೂಡಿಸಿಕೊಂಡು, ಅವರು 360 ಕಿಲೋಗ್ರಾಮಿನ 'ಆರ್ಯಭಟ'ವನ್ನು ಸಿದ್ಧಗೊಳಿಸಿದರು. 1975ರ ಏಪ್ರಿಲ್ 19ರಂದು ರಶಿಯಾದ ಕಪೂಸ್ತಿನ್ ಯಾರ್ ಎಂಬಲ್ಲಿಂದ ಅದು ಕಕ್ಷೆಗೆ ಹೋಯಿತು. ಐದನೆಯ ದಿನಕ್ಕೆ ವಿದ್ಯುತ್ತಿನ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಆದರೂ ಅದನ್ನು ಸೋಲೆಂದು ಯಾರೂ ಹೇಳಲಿಲ್ಲ. ಕಟ್ಟಲು ಕಲಿಯುವುದೇ ಅದರ ಮೊದಲ ಉದ್ದೇಶವಾಗಿದ್ದಿತು.

ಆರು ವರ್ಷಗಳ ತರುವಾಯ ನಾವು ಹಿಂದೆ ಬಿಟ್ಟುಬಂದ ಎತ್ತಿನ ಬಂಡಿಯು ಮತ್ತೆ ಕಾಣಿಸಿಕೊಂಡಿತು. 'ಆಪಲ್' ಎಂಬ ಸಂಪರ್ಕ ಉಪಗ್ರಹದ ಆಂಟೆನಾವನ್ನು ಪರೀಕ್ಷಿಸಬೇಕಾಗಿದ್ದಿತು. ಲಾರಿಯ ಮೇಲಿಟ್ಟರೆ ಅದರ ಕಬ್ಬಿಣದ ಮೈಯಿಂದ ರೇಡಿಯೋ ಅಲೆಗಳು ತಿರುಗಿ ಬಡಿದು ಅಳತೆಯು ಕೆಡುತ್ತಿದ್ದಿತು. ಮರದ ಬಂಡಿಗೆ ಆ ದೋಷವಿಲ್ಲ. ಆದುದರಿಂದ ಎತ್ತಿನ ಬಂಡಿಯನ್ನು ತರಿಸಿ, ಉಪಗ್ರಹವನ್ನು ಅದರ ಮೇಲೆ ನಿಲ್ಲಿಸಿ ಬಯಲಿನಲ್ಲಿ ಪರೀಕ್ಷಿಸಿದರು. 1981ರ ಜೂನ್ 19ರಂದು ಆ ಉಪಗ್ರಹವು ಕಕ್ಷೆಗೆ ಏರಿತು. ಆ ಬಂಡಿಯ ಚಿತ್ರವನ್ನು ನೋಡಿ ನಮ್ಮ ಬಡತನಕ್ಕೆ ನಕ್ಕವರುಂಟು. ಅದು ಬಡತನದ ಚಿತ್ರವಲ್ಲ. ಎಲ್ಲಿ ಕಬ್ಬಿಣ ಬೇಕು, ಎಲ್ಲಿ ಮರ ಬೇಕು ಎಂಬುದನ್ನು ಅರಿತವರ ಚಿತ್ರ.

ಮಣ್ಣಿನ ವಿಷಯವೂ ಹಾಗೆಯೇ. ಖಾನಾಪುರದ ಜೇಡಿಮಣ್ಣಿನ ಹಂಚುಗಳೂ ಗಡಿಗೆಗಳೂ ಈ ಭಾಗದಲ್ಲಿ ಹೆಸರಾದುವು. ಸುಟ್ಟ ಮಣ್ಣು ಬೆಂಕಿಗೆ ಹೆದರುವುದಿಲ್ಲವೆಂಬುದು ನಮ್ಮ ಕುಂಬಾರರು ತಲೆತಲಾಂತರದಿಂದ ಅರಿತ ಮಾತು. ಅದೇ 1981ರ ಏಪ್ರಿಲ್ 12ರಂದು ಅಮೇರಿಕೆಯು ಮೊದಲ ಸಲ ಹಾರಿಸಿದ 'ಕೊಲಂಬಿಯಾ' ಎಂಬ ಅಂತರಿಕ್ಷ ವಾಹನದ ಮೈಗೆ ಮೂವತ್ತು ಸಾವಿರಕ್ಕೂ ಹೆಚ್ಚು ಹಂಚುಗಳನ್ನು ಅಂಟಿಸಿದ್ದರು. ಅವು ನಮ್ಮ ಜೇಡಿಯವಲ್ಲ. ಮರಳಿನ ಸಾರವಾದ ಸಿಲಿಕಾದ ನೂಲಿನವು. ಒಲೆಯಿಂದ ಕೆಂಪಗೆ ಕಾದು ಬಂದ ಅಂತಹ ಹಂಚನ್ನು ಕೆಲವು ಸೆಕೆಂಡುಗಳಲ್ಲಿಯೇ ಅಂಚು ಹಿಡಿದು ಬರಿಗೈಯಿಂದ ಎತ್ತಬಹುದಾಗಿದ್ದಿತು. ಅದೇ ವಾಹನವು 2003ರ ಫೆಬ್ರವರಿ 1ರಂದು, ಎಡರೆಕ್ಕೆಯ ಅಂಚಿನಲ್ಲಿ ಆಗಿದ್ದ ಒಂದು ರಂಧ್ರದಿಂದ ಬೆಂಕಿಯು ಒಳಹೊಕ್ಕು, ಕರ್ನಾಲದ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಜನರೊಡನೆ ಆಕಾಶದಲ್ಲಿಯೇ ಚೂರಾಯಿತು.

ಘಾಟಗೆಯವರು 1991ರಲ್ಲಿ ತೀರಿಕೊಂಡರು. ಅವರು ಹುಟ್ಟಿದಾಗ ಮನುಷ್ಯನು ನಿಮಿಷಗಳ ಹಾರಾಟವನ್ನು ಕಲಿಯುತ್ತಿದ್ದನು. ಅವರು ಕಣ್ಮುಚ್ಚುವಷ್ಟರಲ್ಲಿ ರಾಕೇಶ ಶರ್ಮಾ ಅವರು ಅಂತರಿಕ್ಷಕ್ಕೆ ಹೋಗಿ ಬಂದು ಏಳು ವರ್ಷಗಳಾಗಿದ್ದುವು. ರಾಮಚಂದ್ರ ರಾಯರು 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳನ ಕಕ್ಷೆಯನ್ನು ಮೊದಲ ಪ್ರಯತ್ನದಲ್ಲಿಯೇ ಸೇರಿದುದನ್ನು ಕಂಡು, 2017ರಲ್ಲಿ ನಿಧನರಾದರು. 2019ರ ಸೆಪ್ಟೆಂಬರಿನಲ್ಲಿ ನಮ್ಮ ಚಂದ್ರನೌಕೆಯೊಂದು ಇಳಿಯುವಾಗ ಅಪ್ಪಳಿಸಿ ಒಡೆಯಿತು. 2023ರ ಆಗಸ್ಟ್ 23ರಂದು ಇನ್ನೊಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಮೆಲ್ಲಗೆ ಇಳಿಯಿತು. ಅದನ್ನು ಇಳಿಸಿದವರು ಕುಳಿತಿದ್ದುದು ಪೀಣ್ಯದಲ್ಲಿ, ಎಂದರೆ 'ಆರ್ಯಭಟ'ವನ್ನು ಕಟ್ಟಿದ ತಗಡಿನ ಶೆಡ್ಡುಗಳಿದ್ದ ವಸಾಹತಿನಲ್ಲಿಯೇ.

ಬೆಳಗಾವಿಯು ಈ ಕಥೆಯಲ್ಲಿ ಬರಿಯ ಪ್ರೇಕ್ಷಕನೋ ಎಂಬ ಪ್ರಶ್ನೆಯು ಉಳಿಯುವುದು. 1916ರ ನವೆಂಬರ್ 13ರಂದು ಏಳು ಜನ ಶಿಕ್ಷಕರು ಇಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದಾಗ ಊರಿನಲ್ಲಿ ಒಂದೂ ಕಾಲೇಜು ಇರಲಿಲ್ಲ. 1933ರಲ್ಲಿ ಲಿಂಗರಾಜ ಕಾಲೇಜು ಬಂದಿತು. ಅದೇ ಸಂಸ್ಥೆಯು 1947ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1998ರಲ್ಲಿ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯಲ್ಲಿಯೇ ನೆಲಸಿತು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಒಕ್ಕಲಿಗರ, ನೇಕಾರರ, ಬಡಿಗರ ಮಕ್ಕಳು ಈ ಮೆಟ್ಟಿಲುಗಳನ್ನು ಹತ್ತಿದರು. ಊರಿನ ಎರಕದ ಕಾರಖಾನೆಗಳಲ್ಲಿ ಲೋಹದ ಹದವನ್ನರಿತ ಕೈಗಳು ಬೆಳೆದುವು. ಹೆದ್ದಾರಿಯ ಬದಿಯ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಇಂದು ಏರ್‌ಬಸ್, ಬೋಯಿಂಗ್ ವಿಮಾನಗಳ ಭಾಗಗಳನ್ನು ಕೂದಲೆಳೆಯ ನಿಖರತೆಯಿಂದ ಕೊರೆಯುತ್ತಿದ್ದಾರೆ. ಹಸೂರಚಂಪುವಿನಿಂದ ಅದು ದೂರವಲ್ಲ. ಸಾಂಬ್ರಾದ ವಾಯುಸೇನಾ ತರಬೇತಿ ಶಾಲೆಯಿಂದ 2023ರ ಡಿಸೆಂಬರಿನಲ್ಲಿ ಮಹಿಳಾ ಅಗ್ನಿವೀರರ ಮೊದಲ ತಂಡವು ಹೊರಬಂದಿತು. ಅಕ್ಕಪಕ್ಕದಲ್ಲಿಯೇ, 2017ರಲ್ಲಿ ತೆರೆದ ಹೊಸ ಕಟ್ಟಡದಿಂದ ಸಾಮಾನ್ಯ ಪ್ರಯಾಣಿಕರು ವಿಮಾನವನ್ನೇರುವರು.

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೊರಟಾಗ, ಆ ಯಾತ್ರೆಯ ಪ್ರಯೋಗಸಾಮಗ್ರಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿನ ಐಐಟಿಯೂ ಕೂಡಿ ಸಿದ್ಧಪಡಿಸಿದ ಒಂದು ಚಿಕ್ಕ ಗಂಟಿದ್ದಿತು. ಅದರಲ್ಲಿದ್ದುವು ಹೆಸರುಕಾಳು ಮತ್ತು ಮೆಂತ್ಯದ ಕಾಳು. ತೂಕವೆಂಬುದೇ ತೋರದ ಆ ಸ್ಥಳದಲ್ಲಿ, ಮೇಲೆ ಯಾವುದು ಕೆಳಗೆ ಯಾವುದು ಎಂದರಿಯದ ಕಾಳುಗಳಿಗೆ ಅವರು ನೀರುಣಿಸಿದರು, ಕಾಳುಗಳು ಮೊಳೆತುವು. ಮೊಳಕೆಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ಪರೀಕ್ಷೆಗಾಗಿ ಕಾದಿರಿಸಿದರು.